ಕತ್ತಿ ಸಿನಿಮಾದ ಕೊನೆ

ಚಂದಾಪುರ,
೨೧ ಸೆಪ್ಟೆಂಬರ್ ೨೦೨೫, ಮಹಾಲಯ ಅಮಾವಾಸ್ಯೆ, ಬೆಳಗ್ಗೆ

ಪ್ರೀತಿಯ ಅಣ್ಣಾ,

ಮಂಡಿನೋವು ಈಗ ಹೇಗಿದೆ? ಹೋದ ಭಾನುವಾರ ನಮ್ಮ ಮನೆಯ ಮೆಟ್ಟಿಲಿಳಿಯುವಾಗ ನೀನು ಗೋಡೆ ಹಿಡಿದುಕೊಂಡೇ ಇಳಿದದ್ದನ್ನು ನೋಡಿದೆ. ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹಚ್ಚಿಸಿಕೋ ಎಂದರೆ ನೀನು ಕೇಳುವವನಲ್ಲ, ಅದಕ್ಕೇ ಅತ್ತಿಗೆಗೆ ಹೇಳಿದ್ದೇನೆ. ಹೃದಯದ ಮಾತ್ರೆ ಮಾತ್ರ ತಪ್ಪಿಸಬೇಡ. ಲೇತ್ ಶೆಡ್ಡಿನ ಸದ್ದಿನಲ್ಲಿ ಊಟದ ಹೊತ್ತನ್ನೇ ಮರೆಯುವ ನಿನಗೆ ಮಾತ್ರೆ ಎಲ್ಲಿ ನೆನಪಿರುತ್ತದೆ! ಇಲ್ಲಿ ನಮ್ಮ ಯಜಮಾನರು ಚೆನ್ನಾಗಿದ್ದಾರೆ. ಬೆಳಗಾದರೆ ಮಹಡಿಯ ಬಾಡಿಗೆಯವರ ಜೊತೆ ನೀರಿನ ಜಗಳ, ಸಂಜೆಯಾದರೆ ಅವರ ಜೊತೆಯೇ ಟೀ. ಮೆಟ್ರೊ ಬಂದ ಮೇಲೆ ಬೊಮ್ಮಸಂದ್ರದಲ್ಲಿ ಹತ್ತಿ ನಡುವೆ ಒಂದು ಕಡೆ ಬದಲಾಯಿಸಿದರೆ ನಿಮ್ಮ ನಾಗಸಂದ್ರ ಸಿಕ್ಕಿಬಿಡುತ್ತದೆ, ಫೋನಂತೂ ಕೈಯಲ್ಲೇ ಇದೆ, ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ಫೋನಿನಲ್ಲಿ ನಾನು ಒಂದು ಮಾತಾಡುವುದರೊಳಗೆ ನೀನು ನಾಲ್ಕು ಆಡುತ್ತೀಯ, ಕೊನೆಗೆ ನಾನೇ ನಿನಗೆ ಸಮಾಧಾನ ಹೇಳಿ ಫೋನ್ ಇಡುತ್ತೇನೆ. ಎದುರಿಗೆ ಬಂದರೆ ನಿನ್ನ ಮುಖ ನೋಡಿ ಕರಗುತ್ತೇನೆ. ಕಾಗದಕ್ಕಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಮಧ್ಯಾಹ್ನ ಬಿಂದುಶ್ರೀ ನಮ್ಮಪ್ಪನಿಗಿಟ್ಟ ಎಡೆಯ ವಡೆ, ಸಾರು ತರುತ್ತಾಳೆ ಎಂದೆಯಲ್ಲ, ವಾಪಸ್ ಹೋಗುವಾಗ ಅವಳ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ಅಂಟಿಸಿ ಕೊಡುತ್ತೇನೆ. ನಿನ್ನ ಮಗಳು ಇನ್ನೊಬ್ಬರ ಕಾಗದ ಒಡೆದು ಓದುವವಳಲ್ಲ.

ಹೋದ ಭಾನುವಾರ ನೀನು ಬಂದೆ, ಮುದ್ದೆ ಉಂಡೆ, ಬಸ್ಸಾರು ಅಮ್ಮನ ಕೈಯಂತೆಯೇ ಇದೆ ಎಂದೆ. ಆಗಲೇ ನನಗೆ ಅನುಮಾನ ಬರಬೇಕಿತ್ತು, ನೀನು ಸುಮ್ಮಸುಮ್ಮನೆ ಹೊಗಳುವ ಪೈಕಿ ಅಲ್ಲ. ಕೈ ತೊಳೆದು ಬಂದು ಮಂಚದ ಮೇಲೆ ಕೂತು ನಿನ್ನ ಮಗ ಮನುವಿನ ಮದುವೆ ಮಾತೆತ್ತಿದೆ. ಹೆಣ್ಣು ಕೊಡುವವರು ಹುಡುಗನ ಕೈಯಲ್ಲಿ ಏನಿದೆ ಎಂದು ಕೇಳುತ್ತಾರೆ, ಅವನಿಗೋ ಯಾವ ಕೆಲಸವೂ ಒಂದು ವರ್ಷ ದಾಟಿಲ್ಲ, ಆದ್ದರಿಂದ ಈ ಆಯುಧಪೂಜೆಗೆ ಬೀಗರಾಗುವವರನ್ನು ಶೆಡ್ಡಿಗೇ ಕರೆದು ಅವರ ಕಣ್ಣೆದುರಿಗೇ ಮನುವಿನ ಕೈಯಲ್ಲಿ ಲೇತಿನ ಮೊದಲ ಸುರುಳಿ ತೆಗೆಸಬೇಕು ಎಂದೆ. ಈಗ ಶೆಡ್ಡು ನೋಡಿಕೊಳ್ಳುತ್ತಿರುವ ಬಿಂದು ಏನು ಮಾಡಬೇಕು ಎಂದು ನಾನು ಕೇಳಿದ್ದಕ್ಕೆ ನೀನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಅವ್ಳೇ ಕೈಯಾರೆ ಬುಟ್ಕೊಟ್ಟಂಗಿರ್ಬೇಕು ಕಣಮ್ಮಿ. ನಾನ್ ಯೋಳಿದ್ರೆ ಮುಖ ಊದಿಸ್ಕೊತಾಳೆ. ನಿನ್ ಮಾತಾದ್ರೆ ಕೇಳ್ತಾಳೆ. ಆ ಕತ್ತಿ ಸಿನ್ಮಾ ಕತೆ ಐತಲ್ಲ, ಅದ್ನ ಅವ್ಳಿಗೂ ವಸಿ ಯೋಳ್ಬುಡು." ನಾನು ಹೂಂ ಎಂದೆ. ಅಣ್ಣ ನನ್ನ ಮೇಲೆ ಭರವಸೆಯಿಟ್ಟು ಇಷ್ಟು ದೂರ ಬಂದಿದ್ದಾನಲ್ಲ ಎಂದು ಖುಷಿಯೂ ಆಯಿತು. ಎಂಥ ದಡ್ಡಿ ನೋಡು.

ನಿನಗೆ ಗೊತ್ತಿರುವುದನ್ನೇ ಈಗ ಬರೆಯುತ್ತೇನೆ, ಬೇಸರಪಡಬೇಡ. ನೀನು ಬೇಕಾದ್ದನ್ನು ಮಾತ್ರ ನೆನಪಿಟ್ಟುಕೊಳ್ಳುವವನು. ಪೀಣ್ಯದ ಕಾರ್ಖಾನೆಗಳಿಗೆ ನಮ್ಮ ರಾಗಿ ಹೊಲ ಹೋದ ಮೇಲೆ ಅಪ್ಪ ಯಾರದೋ ಶೆಡ್ಡಿನಲ್ಲಿ ಕೆಲಸ ಕಲಿತು, ಕಬ್ಬಿಣ ಕಡೆಯುವ ಹಳೆಯದೊಂದು ಲೇತ್ ಮಿಷನ್ನು ತಂದು ಸ್ವಂತ ಶೆಡ್ಡು ಹಾಕಿದರು. ಊರಿನವರು "ನಮ್ ವೆಂಕಟಪ್ಪ ನೇಗಿಲು ಬುಟ್ಟು ಕಬ್ಬಿಣ ಉಳ್ತಾವ್ನೆ" ಎಂದು ನಗುತ್ತಿದ್ದರು. ಅಪ್ಪನೂ ಅದನ್ನು ಹೊಲದ ಹಾಗೆಯೇ ಕಂಡರು. ಹೊನ್ನಾರು ಕಟ್ಟಿ ವರ್ಷದ ಮೊದಲ ಉಳುಮೆ ಮಾಡುವುದನ್ನು ಬಿಡಬಾರದೆಂದು ಆಯುಧಪೂಜೆಯ ದಿನ ಲೇತಿಗೆ ಹಸಿರು ಬಣ್ಣ ಬಳಿಸಿ, ಚೆಂಡುಹೂವು ಸುತ್ತಿಸಿ, ಕುಂಬಳಕಾಯಿ ಒಡೆದಾದ ಮೇಲೆ ಒಂದು ಕಬ್ಬಿಣದ ಸರಳು ಹಿಡಿಸಿ ಮೊದಲ ಸುರುಳಿ ತೆಗೆಸುತ್ತಿದ್ದರು. ಆ ಸುರುಳಿ ದೇವರ ಪಟದ ಮುಂದೆ ವರ್ಷವಿಡೀ ಇರುತ್ತಿತ್ತು. ಯಾರು ಸುರುಳಿ ತೆಗೆಯುತ್ತಾರೋ ಮಿಷನ್ನು ಅವರದು, ಇದು ಅಪ್ಪನ ಕಟ್ಟಲೆ. ಶಾಲೆ ಬಿಟ್ಟ ಮೇಲೆ ನಾನು ಶೆಡ್ಡಿಗೆ ಬರುತ್ತಿದ್ದೆ, ಮರದ ಪೆಟ್ಟಿಗೆಯ ಮೇಲೆ ನಿಲ್ಲಿಸಿ ಅಪ್ಪ ನನಗೆ ಕೆಲಸ ಕಲಿಸಿದರು. ನಿನಗೆ ಹೊರಗಿನ ಓಡಾಟ, ಗಿರಾಕಿಗಳ ಮಾತುಕತೆ ಇಷ್ಟ, ನನಗೆ ಮಿಷನ್ನು ಇಷ್ಟ. ನನಗೆ ಬುದ್ಧಿ ಬಂದ ವರ್ಷದಿಂದ ಅಪ್ಪ ಕಣ್ಣು ಮುಚ್ಚುವವರೆಗೂ ಆ ಸುರುಳಿಯನ್ನು ತೆಗೆದವಳು ನಾನು. ಒಂದು ವರ್ಷವೂ ಅಪ್ಪ ನಿನ್ನನ್ನು ಕರೆಯಲಿಲ್ಲ.

ಇನ್ನು ಆ ಸಿನಿಮಾ. ನಾಗಸಂದ್ರದ ಟೆಂಟಿಗೆ ತೆಲುಗಿನ ಹಳೆಯ ಕತ್ತಿವರಸೆಯ ಚಿತ್ರ ಬಂದಿದೆ ಎಂದು ನೀನು ಅಪ್ಪನಿಗೆ ತಿಳಿಯದ ಹಾಗೆ ನನ್ನನ್ನು ಮೊದಲ ಆಟಕ್ಕೆ ಕರೆದುಕೊಂಡು ಹೋದೆ. ನಾನಿನ್ನೂ ಲಂಗದ ಹುಡುಗಿ. ನೀನು ಬಾಗೇಪಲ್ಲಿ ಕಡೆ ಅಜ್ಜಿಯ ಮನೆಯಲ್ಲಿದ್ದು ಓದಿದವನು, ತೆಲುಗು ನಿನಗೆ ನೀರು ಕುಡಿದಷ್ಟು ಸುಲಭ. ನನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಸೊಪ್ಪಿನವಳ ಜೊತೆ ಚೌಕಾಸಿ ಮಾಡುವಷ್ಟೇ. ನೆಲದ ಮೇಲೆ ಮರಳು ಗುಡ್ಡೆ ಮಾಡಿ ನನ್ನನ್ನು ಕೂರಿಸಿ, ಕಡಲೆಕಾಯಿ ಸುಲಿದು ಕೊಡುತ್ತಾ, ಪ್ರತಿ ಮಾತನ್ನೂ ಕಿವಿಯಲ್ಲಿ ಕನ್ನಡ ಮಾಡಿ ಹೇಳಿದೆ. ಮುದುಕ ರಾಜ, ಅವನಿಗೊಬ್ಬ ಮಗ, ಒಬ್ಬ ಮಗಳು. ಮಗಳ ಭುಜದ ಮೇಲೆ ಸದಾ ಒಂದು ಮೈನಾ ಹಕ್ಕಿ. ರಾಜ ತನ್ನ ಖಡ್ಗವನ್ನು ಮಗಳಿಗೇ ಕಲಿಸುತ್ತಾನೆ. ಒಂದು ದಿನ ಪಾನಕದಲ್ಲಿ ಯಾರೋ ವಿಷ ಹಾಕಿ ರಾಜನನ್ನು ಕೊಲ್ಲುತ್ತಾರೆ. ರಾಜಕುಮಾರಿ ಮುಖವಾಡ ಹಾಕಿ, ಕುದುರೆಯೇರಿ, ಮೊಸಳೆ ಬಿಟ್ಟ ಕಂದಕ ಹಾರಿ ವಿಷವಿಟ್ಟವರನ್ನು ಹುಡುಕುತ್ತಾಳೆ. ಕೊನೆಗೆ ತುಂಬಿದ ಸಭೆಗೆ ಬಂದು ಮುಖವಾಡ ತೆಗೆದು, ಸಿಂಹಾಸನದ ಮೇಲಿದ್ದ ಅಣ್ಣನ ಮುಂದೆ ಎರಡೂ ಕೈಯಲ್ಲಿ ಖಡ್ಗ ಹಿಡಿದು ನಿಲ್ಲುತ್ತಾಳೆ. ಆಗ ನೀನು ನನ್ನ ಕೈ ಹಿಡಿದು ಎಳೆದೆ. ಜನ ಏಳುವ ಮೊದಲು ಹೊರಬೀಳಬೇಕು, ಇಲ್ಲದಿದ್ದರೆ ಅಪ್ಪನ ಕಿವಿಗೆ ಬೀಳುತ್ತದೆ ಎಂದೆ. ನಾನು ಹಿಂದಕ್ಕೆ ತಿರುಗಿ ನೋಡುತ್ತಲೇ ಬಂದೆ. ಅವಳು ಏನಂದಳು ಅಣ್ಣಾ ಎಂದು ದಾರಿಯುದ್ದಕ್ಕೂ ಪೀಡಿಸಿದೆ. ನಮ್ಮ ಮನೆಯ ಹುಣಸೆಮರ ಕಾಣಿಸುವಾಗ ನೀನು ಹೇಳಿದೆ: "ಅಣ್ಣಾ, ಕತ್ತಿ ನಿಂಗೆ, ಅರಿಶಿನ ಕುಂಕುಮ ನಂಗೆ, ಅಂದ್ಲು. ಕೊಟ್ಬುಟ್ಟು ಮದುವೆಯಾಗಿ ಸುಖ್ವಾಗವ್ಳೆ." ಆ ಮಾತನ್ನು ಎಷ್ಟು ದಿನ ಬಾಯಲ್ಲಿ ಗುನುಗಿಕೊಂಡಿದ್ದೆನೋ. ಆ ರಾಜಕುಮಾರಿಯ ಮೇಲೆ ನನಗೆ ಪ್ರಾಣ.

ಅಪ್ಪ ತೀರಿಕೊಂಡ ವರ್ಷದ ಆಯುಧಪೂಜೆ ನೆನಪಿದೆಯಾ? ಲೇತಿಗೆ ಹೂವು ಸುತ್ತಿ ನಾನು ಸರಳು ಹಿಡಿಸುತ್ತಿದ್ದೆ. ನೀನು ಪಕ್ಕಕ್ಕೆ ಕರೆದು, ನನ್ನ ಕೈಯನ್ನು ನಿನ್ನ ಕೈಯಲ್ಲಿ ಹಿಡಿದುಕೊಂಡು, "ನೆಪ್ಪೈತಾ ಭಾಗ್ಯ, ಆ ಕತ್ತಿ ಸಿನ್ಮಾ?" ಎಂದು ಕೇಳಿದೆ. ನನಗೆ ಅಷ್ಟೇ ಸಾಕಾಗಿತ್ತು. ನಾನು ಲೇತಿನಿಂದ ಕಬ್ಬಿಣ ಕಡೆಯುವ ಟೂಲ್ ಬಿಚ್ಚಿ, ಸಿನಿಮಾದವಳ ಹಾಗೆಯೇ ಎರಡೂ ಕೈಯಲ್ಲಿ ಹಿಡಿದು ನಿನಗೆ ಕೊಟ್ಟೆ. ನೆಂಟರೆಲ್ಲ ನೋಡಿದರು, ಅತ್ತರು, ತವರಿನ ಮೇಲೆ ಪ್ರೀತಿ ಎಂದರೆ ಇದು ಎಂದರು. ಮುಂದಿನ ವೈಶಾಖದಲ್ಲಿ ಈ ಮನೆಗೆ ಬಂದೆ. ಇವರು ಒಳ್ಳೆಯವರು, ನನಗೆ ಊಟ ಬಟ್ಟೆಗೆ ಕೊರತೆಯಾಗಲಿಲ್ಲ, ಅದನ್ನು ಇಲ್ಲ ಎಂದರೆ ನಾಲಗೆ ಬಿದ್ದುಹೋದೀತು. ಆದರೆ ಬೊಮ್ಮಸಂದ್ರದ ಶೆಡ್ಡುಗಳ ಮುಂದೆ ಹಾದುಹೋಗುವಾಗ ಲೇತಿನ ಸದ್ದು ಕೇಳಿದರೆ ನನ್ನ ಬಲಗೈ ತಾನಾಗಿ ಚಕ್ರ ತಿರುಗಿಸಲು ಹೋಗುತ್ತದೆ. ಇವರು ನೋಡಿ ನಗುತ್ತಾರೆ, ನಾನೂ ನಗುತ್ತೇನೆ. ಕೊಟ್ಟವಳಿಗೆ ದುಃಖ ಇರಬಾರದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ಯಾಕೆಂದರೆ ಆ ರಾಜಕುಮಾರಿಗೂ ದುಃಖ ಇರಲಿಲ್ಲವಲ್ಲ. ಅಣ್ಣತಮ್ಮಂದಿರ ಮೇಲೆ ಮುನಿಸಿಕೊಂಡ ಈ ಬೀದಿಯ ಎಷ್ಟೋ ಹೆಂಗಸರಿಗೆ ಇದೇ ಕಥೆ ಹೇಳಿ ರಾಜಿ ಮಾಡಿಸಿದ್ದೇನೆ.

ನೀನು ಕೇಳಿಕೊಂಡು ಹೋದ ಮೇಲೆ, ಬಿಂದುವಿಗೆ ಕಥೆಯನ್ನು ಚೆನ್ನಾಗಿ ಹೇಳಬೇಕು, ನಡುವೆ ತಡವರಿಸಬಾರದು ಎಂದು ನನಗೆ ಹಟ ಬಂತು. ಮಹಡಿಯ ಕೋಣೆಯಲ್ಲಿ ನಾಗವೇಣಿ ಎಂಬ ಹುಡುಗಿ ಇದ್ದಾಳೆ, ಮದನಪಲ್ಲಿಯವಳು, ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ವೈರು ಜೋಡಿಸುವ ಕೆಲಸ. ನಾನು ಮೈನಾ ಹಕ್ಕಿ, ಮೊಸಳೆ ಕಂದಕ ಎಂದದ್ದೇ ತಡ, ಅವಳು ಊರಿನ ತಾತನಿಗೆ ಫೋನು ಮಾಡಿದಳು. ತಾತ ಚಿತ್ರದ ಹೆಸರನ್ನೂ ಹೇಳಿ, ಒಂದು ಹಾಡನ್ನೂ ಫೋನಿನಲ್ಲೇ ಹಾಡಿದರಂತೆ. ಮೊನ್ನೆ ಅವಳಿಗೆ ರಜೆ. ನಮ್ಮ ಟೀವಿಗೆ ಅವಳ ಫೋನಿನಿಂದ ಚಿತ್ರ ಹಾಕಿದಳು. ಎಷ್ಟು ವರ್ಷದ ಮೇಲೆ ಆ ಹಕ್ಕಿಯನ್ನು ನೋಡಿದೆನೋ, ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಕೂತ ನಾಗವೇಣಿಗೆ ನಾನೇ ಮುಂದಿನದನ್ನು ಮೊದಲೇ ಹೇಳುತ್ತಿದ್ದೆ, ಅವಳು "ಕರೆಕ್ಟು ಆಂಟಿ, ಕರೆಕ್ಟು" ಎನ್ನುತ್ತಿದ್ದಳು. ನೀನು ಟೆಂಟಿನಲ್ಲಿ ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಸಭೆ ಬಂತು, ಅವಳು ಮುಖವಾಡ ತೆಗೆದಳು, ಎರಡೂ ಕೈಯಲ್ಲಿ ಖಡ್ಗ ಹಿಡಿದು ನಿಂತಳು. ನಾನು ಹೆಮ್ಮೆಯಿಂದ, ಈಗ ಕೊಟ್ಟುಬಿಡುತ್ತಾಳೆ ನೋಡು ಎಂದೆ. ನಾಗವೇಣಿ ನನ್ನ ಮುಖವನ್ನೇ ನೋಡಿದಳು. "ಇಲ್ಲ ಆಂಟಿ. ಆಯಮ್ಮ ಕೊಡ್ತಾ ಇಲ್ಲ. ಮುಟ್ಟು ನೋಡೋಣ ಅಂತ ಇದಾಳೆ."

ಅವಳು ಹಿಂದಕ್ಕೆ ಓಡಿಸಿ ಮತ್ತೆ ಹಾಕಿ ಒಂದೊಂದೇ ಮಾತು ಬಿಡಿಸಿ ಹೇಳಿದಳು. ಇದು ತಂದೆಯ ಖಡ್ಗ, ನಿನ್ನ ಕೈ ಶುದ್ಧವಾಗಿದ್ದರೆ ಮುಟ್ಟು, ಎನ್ನುತ್ತಾಳೆ ರಾಜಕುಮಾರಿ. ಅಣ್ಣ ಕೈ ಚಾಚುತ್ತಾನೆ, ಕೈ ನಡುಗುತ್ತದೆ, ಮುಟ್ಟಲಾರದೆ ಹಿಂದಕ್ಕೆ ಸರಿಯುತ್ತಾನೆ. ಪಾನಕದ ಲೋಟ ಕಳಿಸಿದವನು ಅವನೇ. ಆಮೇಲೆ ಅರಮನೆಯ ಮೆಟ್ಟಿಲುಗಳ ಮೇಲೆ ದೊಡ್ಡ ಕತ್ತಿವರಸೆ. ಅವಳೇ ಗೆಲ್ಲುತ್ತಾಳೆ. ಸಂಕೋಲೆ ಬಿದ್ದ ಅಣ್ಣ ಕ್ಷಮಿಸು ಎಂದು ಬೇಡಿದಾಗ, ತಂಗಿಯಾಗಿ ಕ್ಷಮಿಸಿದ್ದೇನೆ, ಆದರೆ ಸಿಂಹಾಸನ ತಂದೆ ನನಗೆ ಕೊಟ್ಟದ್ದು, ಅದನ್ನು ನಿನಗೆ ಕೊಡುವ ಹಕ್ಕು ನನಗಿಲ್ಲ, ಎನ್ನುತ್ತಾಳೆ. ಅವಳ ತಲೆಗೆ ಕಿರೀಟ ಬರುತ್ತದೆ, ಹಕ್ಕಿ ಭುಜದ ಮೇಲೆ ಬಂದು ಕೂರುತ್ತದೆ, ಶುಭಂ. ಅರಿಶಿನವೂ ಇಲ್ಲ, ಕುಂಕುಮವೂ ಇಲ್ಲ. ನಾಗವೇಣಿ ಚಪ್ಪಾಳೆ ತಟ್ಟಿದಳು. ನಾನು ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಸುಳ್ಳು ಹೇಳಿ ಎದ್ದು ಹೋಗಿ ಅಡುಗೆಮನೆಯಲ್ಲಿ ನಿಂತು ಅತ್ತೆ.

ನನಗೆ ಮೋಸವಾಗಿದೆ ಅಣ್ಣಾ. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನೀನು ಶೆಡ್ಡು ಬೇಕು ಎಂದು ಬಾಯಿ ಬಿಟ್ಟು ಕೇಳಿದ್ದರೆ ಜಗಳವಾಡುತ್ತಿದ್ದೆ, ಸೋಲುತ್ತಿದ್ದೆನೋ ಗೆಲ್ಲುತ್ತಿದ್ದೆನೋ, ಕಾಲ ಹಾಗಿತ್ತು, ಸೋಲುತ್ತಿದ್ದೆ ಎಂದೇ ಇಟ್ಟುಕೋ. ಆದರೆ ಕಿತ್ತುಕೊಂಡರು ಎಂದು ಹೇಳಿಕೊಳ್ಳುವುದಕ್ಕಾದರೂ ಆಗುತ್ತಿತ್ತು. ನೀನು ಅದನ್ನೂ ಉಳಿಸಲಿಲ್ಲ. ನನ್ನ ಕೈಯಿಂದಲೇ ಕೊಡಿಸಿದೆ, ಕೊಟ್ಟದ್ದಕ್ಕೆ ಹೆಮ್ಮೆಪಡುವುದನ್ನೂ ಕಲಿಸಿದೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತೆಗೆದೆ. ಅಪ್ಪನ ಎಡೆಯ ದಿನ ಇಂಥ ಮಾತು ಬರೆಯುತ್ತಿದ್ದೇನಲ್ಲ ಎಂದು ಸಂಕಟವಾಗುತ್ತದೆ. ಮೊನ್ನೆಯಿಂದ ಇವರ ಹತ್ತಿರವೂ ಹೇಳಿಲ್ಲ. ಹೇಳಿದರೆ ಇವರು, ಯಾವುದೋ ಕಾಲದ ಸಿನಿಮಾಕ್ಕೆ ಈಗ ಯಾಕೆ ಅಳ್ತೀಯ ಎಂದಾರು.

ಆದರೂ ಒಡಹುಟ್ಟಿದವಳ ಮನಸ್ಸು, ಒಂದು ದಾರಿ ಹುಡುಕುತ್ತಲೇ ಇದೆ. ನೀನೂ ನನ್ನ ಜೊತೆಯೇ ಎದ್ದು ಬಂದವನು. ಅವಳು ಖಡ್ಗ ಹಿಡಿದು ನಿಂತದ್ದಷ್ಟೇ ನೀನೂ ನೋಡಿದ್ದು, ಆಮೇಲೆ ಅವಳಾಡಿದ ಮಾತು ನಿನ್ನ ಕಿವಿಗೂ ಬಿದ್ದಿರಲಿಕ್ಕಿಲ್ಲ. ನಾನು ಪೀಡಿಸಿದೆ, ನೀನು ತೋಚಿದ್ದನ್ನು ಹೇಳಿದೆ, ಹೇಳಿ ಹೇಳಿ ಅದನ್ನೇ ನಿಜವೆಂದು ನಂಬಿದೆ. ನಿಜವಾದ ಕೊನೆ ನಿನಗೂ ಗೊತ್ತಿರಲಿಲ್ಲವೇನೋ. ಹಾಗಿದ್ದರೆ ನಾವಿಬ್ಬರೂ ಒಂದೇ ಟೆಂಟಿನಿಂದ ಎದ್ದು ಬಂದ ದಡ್ಡರು, ನನಗೆ ನಿನ್ನ ಮೇಲೆ ಕೋಪವಿಲ್ಲ. ಹೌದು ಎಂದು ಒಂದು ಮಾತು ಹೇಳು, ನಾನು ನಂಬುತ್ತೇನೆ. ನಿನ್ನನ್ನು ನಂಬುವುದು ನನಗೆ ಅಭ್ಯಾಸವಾಗಿದೆ.

ಬಿಂದುವಿಗೆ ಮಾತ್ರ ನಾನು ಆ ಕಥೆ ಹೇಳುವುದಿಲ್ಲ. ಹೋದ ವರ್ಷ ನಿನಗೆ ಎದೆನೋವು ಬಂದು ಮಲಗಿದಾಗ ಹೊಸ ಕಂಪ್ಯೂಟರ್ ಮಿಷನ್ನಿನ ಮುಂದೆ ನಿಂತು ಒಂದು ಆರ್ಡರೂ ವಾಪಸ್ ಹೋಗದ ಹಾಗೆ ಶೆಡ್ಡು ನಡೆಸಿದವಳು ಅವಳು. ಆಗ ಮನು ಆಸ್ಪತ್ರೆಗೆ ಹಣ್ಣು ತಂದಿದ್ದ, ಅಷ್ಟೇ. ಅವನೂ ನನಗೆ ಮಗನಂತೆಯೇ, ಅವನ ಮದುವೆಗೆ ಚಪ್ಪರದ ದಿನವೇ ಬಂದು ನಿಲ್ಲುತ್ತೇನೆ. ಆದರೆ ಅವಳದನ್ನು ಅವನಿಗೆ ಕೊಡಬೇಕೆಂದಿದ್ದರೆ ನೀನೇ ಅವಳೆದುರು ಕೂತು ಕೇಳು. ಕಥೆ ಹೇಳಲೇಬೇಕು ಎಂದಿದ್ದರೆ ಕೊನೆಯವರೆಗೂ ಹೇಳು. ಇವತ್ತು ಅವಳು ಬಂದರೆ ಊಟ ಹಾಕುತ್ತೇನೆ, ತಲೆಗೆ ಹೂ ಮುಡಿಸುತ್ತೇನೆ, ಸಿನಿಮಾದ ಮಾತೆತ್ತುವುದಿಲ್ಲ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ಮನುವಿಗೆ ಅತ್ತೆಯ ಆಶೀರ್ವಾದ. ಮಳೆಯಲ್ಲಿ ಸ್ಕೂಟರ್ ತೆಗೆಯಬೇಡ, ಮಂಡಿಗೆ ಒಳ್ಳೆಯದಲ್ಲ. ಅಪ್ಪನ ಫೋಟೋದ ಮುಂದೆ ನನ್ನ ಹೆಸರಿನಲ್ಲೂ ಒಂದು ಕಡ್ಡಿ ಹಚ್ಚು.

ನಿನ್ನ ತಂಗಿ,
ಭಾಗ್ಯ

ತಾ.ಕ.: ಈಗ ಮಧ್ಯಾಹ್ನ. ಬಿಂದು ಬಂದು ಉಂಡಾಯಿತು, ಹಿತ್ತಲಲ್ಲಿ ಕ್ಯಾರಿಯರ್ ತೊಳೆಯುತ್ತಿದ್ದಾಳೆ. ಅವಸರದಲ್ಲಿ ಬರೆಯುತ್ತಿದ್ದೇನೆ. ಮಾತು ನಾನು ಎತ್ತಲಿಲ್ಲ, ಅವಳೇ ಎತ್ತಿದಳು. "ಅತ್ತೆ, ನೀವೇನೋ ಕತ್ತಿ ಸಿನಿಮಾ ಕಥೆ ಹೇಳ್ತೀರ ಅಂದ್ರು ಅಪ್ಪ. ಮೈನಾ ಹಕ್ಕಿ ರಾಜಕುಮಾರೀದಾ? ನಂಗೊತ್ತಲ್ಲ ಅದು. ನಾನು ಚಿಕ್ಕೋಳಿದ್ದಾಗ ಟೀವೀಲಿ ಬಂದಿತ್ತು. ಅಪ್ಪ ತೊಡೆ ಮೇಲೆ ಕೂರಿಸ್ಕೊಂಡು ತೋರಿಸಿದ್ರು. ಅವಳು ಕತ್ತಿ ಹಿಡಿದು ನಿಂತ ತಕ್ಷಣ, ಈಗ ಅವ್ನ ಕೈ ನಡುಗ್ತದೆ ನೋಡ್ತಿರು ಮಗಾ, ಅಂತ ಮೊದ್ಲೇ ಹೇಳ್ಬಿಟ್ರು." ಮೊದಲೇ ಹೇಳಿದೆಯಂತೆ ಅಣ್ಣಾ. ಅಂದರೆ ಟೀವಿಯಲ್ಲಿ ಬರುವ ಮೊದಲೇ ನೀನು ಕೊನೆ ನೋಡಿದ್ದೆ, ನನ್ನನ್ನು ಮನೆಗೆ ಬಿಟ್ಟು ಮತ್ತೆ ಟೆಂಟಿಗೆ ಹೋಗಿದ್ದೆ. ಮಗಳಿಗೆ ನಿಜ ಹೇಳಿದೆ, ಹೇಳಿದ್ದನ್ನು ಮರೆತೆ. ನಿನಗೂ ಗೊತ್ತಿರಲಿಲ್ಲವೇನೋ ಎಂದು ಮೇಲೆ ಬರೆದ ಮಾತನ್ನು ಹೊಡೆದುಹಾಕಿಕೊಂಡು ಓದು. ನೀನು ಅವಳನ್ನು ಇಲ್ಲಿಗೆ ಯಾಕೆ ಕಳಿಸಿದೆ ಎಂಬುದನ್ನು ನಾನು ಹೇಳಿಬಿಟ್ಟೆ. ಅವಳು ಅಳಲಿಲ್ಲ. "ಅತ್ತೆ, ನಿಮ್ಗೆ ಮಾತ್ರ ಯಾಕೆ ಬೇರೆ ಕೊನೆ ಹೇಳಿದ್ರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಬರಿ ಕ್ಯಾರಿಯರ್ ಕಳಿಸಬಾರದು ಎನ್ನುತ್ತಿದ್ದಳು ಅಮ್ಮ. ಒಂದು ಹಿಡಿ ಅಕ್ಕಿ ಹಾಕಿ, ಅದರ ಮೇಲೆ ನನ್ನ ಕುಂಕುಮದ ಭರಣಿಯಲ್ಲಿದ್ದ ಕಬ್ಬಿಣದ ಸುರುಳಿ ಇಟ್ಟಿದ್ದೇನೆ. ಅಪ್ಪ ಇದ್ದ ಕೊನೆಯ ಆಯುಧಪೂಜೆಗೆ ನಾನು ತೆಗೆದದ್ದು, ತುಕ್ಕು ಹಿಡಿದಿದೆ, ಮುಟ್ಟುವಾಗ ಜೋಪಾನ. ಅದು ಬಿಂದುವಿಗೆ. ಪೂಜೆಗೆ ನಾನು ಬರುತ್ತೇನೆ. ಅವಳು ಲೇತಿನ ಮುಂದೆ ನಿಂತು ಸುರುಳಿ ತೆಗೆಯುವುದನ್ನು ಕೂತು ಕೊನೆಯವರೆಗೂ ನೋಡುತ್ತೇನೆ. ಈ ಸಲ ನೀನು ಕೈ ಹಿಡಿದು ಎಳೆದರೂ ಏಳುವುದಿಲ್ಲ.